ಕಣ್ಣಾಮುಚ್ಚಾಲೆಯ ಕಾನೂನು

ಕಳೆದ ಆಷಾಢದಲ್ಲಿ ಒಂದು ಭಾನುವಾರ, ಹೊರಗೆ ಮಳೆ ಜಿನುಗುತ್ತಿದ್ದ ಮಧ್ಯಾಹ್ನ, ನಮ್ಮ ನಡುಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿತು. ನನ್ನ ತಂಗಿಯ ಮಗನೂ ಅವನ ನಾಲ್ವರು ಗೆಳೆಯರೂ ಚಾಪೆಯ ಮೇಲೆ ಕಾಗದ, ಪೆನ್ಸಿಲು, ಬಣ್ಣಬಣ್ಣದ ದಾಳಗಳನ್ನು ಹರಡಿಕೊಂಡು ಬೆಳಗಿನಿಂದ ಆಡುತ್ತಿದ್ದರು. ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, ಅಮೆರಿಕದಲ್ಲಿ ಹುಟ್ಟಿದ್ದು. ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ‘ನಾನು ಹೀಗೆ ಮಾಡುತ್ತೇನೆ’ ಎಂದು ಬಾಯಲ್ಲಿ ಹೇಳುತ್ತ ಕಥೆಯನ್ನು ಮುಂದುವರಿಸುವ ಆಟವಿದು. ಅವರಲ್ಲೊಬ್ಬ ಪಾತ್ರ ವಹಿಸದೆ ಸೂತ್ರಧಾರನಾಗಿರುತ್ತಾನೆ. ಕಥೆಯ ಲೋಕವೆಲ್ಲ ಅವನ ತಲೆಯಲ್ಲಿ, ಅವನ ಕಾಗದದಲ್ಲಿ ಇರುತ್ತದೆ. ಯಾರಿಗೆ ಏನು ಕಂಡಿತು, ಏನು ಕೇಳಿಸಿತು, ಮಾಡಹೊರಟ ಕೆಲಸ ಫಲಿಸಿತೇ ಇಲ್ಲವೇ ಎಂಬುದನ್ನು ದಾಳದ ನೆರವಿನಿಂದ ಅವನು ತಿಳಿಸುತ್ತಾನೆ. ಒಬ್ಬರು ಗೆದ್ದು ಒಬ್ಬರು ಸೋಲುವ ಪ್ರಶ್ನೆಯೇ ಇಲ್ಲದ ಈ ಆಟದಲ್ಲಿ ಜಗಳಕ್ಕೆ ಆಸ್ಪದವಿರಲಾರದೆಂದು ನಾನು ತಿಳಿದಿದ್ದೆ. ಅದು ತಪ್ಪು ತಿಳಿವಳಿಕೆ.

ವ್ಯಾಜ್ಯದ ವಿವರ ಹೀಗೆ. ನನ್ನ ಸೋದರಳಿಯನದು ಕಳ್ಳನ ಪಾತ್ರ. ಒಂದು ಕೋಟೆಯ ಅಂಗಳದಲ್ಲಿ ಬಂಡಿಯೊಂದರ ಹಿಂದೆ ಅವನು ಅವಿತುಕೊಂಡ. ಅವಿತದ್ದು ಫಲಿಸಿತೇ ಎಂದು ತಿಳಿಯಲು ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಪಾತ್ರದ ಕೌಶಲಕ್ಕೆ ಸಲ್ಲುವ ಅಂಕವನ್ನು ಅದಕ್ಕೆ ಕೂಡಿಸಬೇಕು. ಮೊತ್ತ 15 ಮುಟ್ಟಿದರೆ ಸಾಕು. ಇವನಿಗೆ 17 ಬಂದಿತು. ಆಮೇಲೆ ಈ ಮಹಾರಾಯ ಬಂಡಿಯ ಹಿಂದಿನಿಂದ ಹೊರಟು, ಹಾಡುಹಗಲಿನಲ್ಲಿ, ಬಟ್ಟಬಯಲಾದ ಅಂಗಳವನ್ನು ದಾಟಿ, ಎದುರು ನಿಂತ ಕಾವಲುಗಾರನ ಸೊಂಟದಿಂದ ಬೀಗದ ಕೈಯನ್ನು ಎಗರಿಸಲು ಹೋದ. ‘ಕಾವಲುಗಾರ ನಿನ್ನನ್ನು ಕಂಡ’ ಎಂದ ಸೂತ್ರಧಾರ ಹುಡುಗ. ‘ಹೇಗೆ ಕಾಣುತ್ತಾನೆ? ನಾನು ಅಡಗಿದ್ದೇನೆ, ಪುಸ್ತಕ ನೋಡು’ ಎಂದ ನಮ್ಮವನು. ಪುಸ್ತಕ ತೆಗೆದರು, ಓದಿದರು, ದನಿಗಳು ಏರಿದವು. ಕೊನೆಗೆ ನನ್ನ ಕಡೆ ತಿರುಗಿ, ‘ನೀವೇ ಹೇಳಿ ಮಾವ, ಪುಸ್ತಕದಲ್ಲಿ ಇರುವುದಕ್ಕೆ ಅರ್ಥವೇನು?’ ಎಂದ. ಕಾಲೇಜಿನಲ್ಲಿ ಹಳಗನ್ನಡ ಪದ್ಯಗಳಿಗೆ ಅರ್ಥ ಹೇಳುವವನು ಇದಕ್ಕೂ ಹೇಳಬಲ್ಲನೆಂದು ಅವನ ನಂಬಿಕೆ. ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ತಾಯಿ ಮೊರದಿಂದ ಕಣ್ಣೆತ್ತದೆ, ‘ಅದು ಸರಿ, ನಿಮ್ಮ ಆಟದಲ್ಲಿ ಕಣ್ಣು ಮುಚ್ಚುವವರು ಯಾರಪ್ಪಾ?’ ಎಂದರು. ಹುಡುಗರು ನಕ್ಕರು. ನಾನು ಒಂದು ವಾರದ ವಾಯಿದೆ ಕೇಳಿ, ಪುಸ್ತಕವನ್ನು ಎರವಲು ಪಡೆದೆ.

ಆ ಒಂದು ವಾರದ ಓದು ನನ್ನನ್ನು ಇನ್ನೂರು ವರ್ಷಗಳ ಹಿಂದಕ್ಕೆ ಕೊಂಡೊಯ್ದಿತು. ಹುಡುಗರು ನಕ್ಕ ನನ್ನ ತಾಯಿಯ ಪ್ರಶ್ನೆಯೇ ಈ ಚರಿತ್ರೆಗೆಲ್ಲ ಬೀಗದ ಕೈ ಎಂಬುದು ಓದುತ್ತ ಓದುತ್ತ ತಿಳಿಯಿತು.

ಮೊದಲು ಮಾತಿನ ವಿಚಾರ. ಇಂಗ್ಲಿಷಿನವರು ಮಕ್ಕಳ ಆಟವನ್ನು ‘ಅಡಗುವುದು ಮತ್ತು ಹುಡುಕುವುದು’ ಎಂದು ಕರೆದರು. ನಮ್ಮವರು ‘ಕಣ್ಣಾಮುಚ್ಚಾಲೆ’ ಎಂದರು. ಅಡಗುವವನ ಹೆಸರು ಇದರಲ್ಲಿ ಇಲ್ಲವೇ ಇಲ್ಲ. ಇರುವುದು ಹುಡುಕುವವನ ಕಣ್ಣು. ‘ಕಣ್ಮರೆ’ ಎಂಬ ಮಾತೂ ಹಾಗೆಯೇ. ಮರೆಯಾದದ್ದು ಯಾವುದೇ ಇರಲಿ, ಅದು ಇನ್ನೊಬ್ಬರ ಕಣ್ಣಿಗೆ ಮರೆಯಾದದ್ದು. ‘ಎತ್ತರ’, ‘ಬಲ’, ‘ವೇಗ’ ಇವು ಒಬ್ಬನಲ್ಲೇ ಇರುವ ಗುಣಗಳು. ಅಡಗಿರುವಿಕೆ ಹಾಗಲ್ಲ. ಕಾಡಿನಲ್ಲಿ ಒಬ್ಬನೇ ಇರುವವನು ಎಷ್ಟೇ ಅವಿತು ಕುಳಿತರೂ ಅಡಗಿದ್ದಾನೆಂದು ಹೇಳುವ ಹಾಗಿಲ್ಲ. ಅದಕ್ಕೆ ಎರಡನೆಯವನ ಕಣ್ಣು ಬೇಕು. ಅಷ್ಟೇ ಅಲ್ಲ, ಅಡಗಿದವನು ಎಲ್ಲಿದ್ದಾನೆ, ಹುಡುಕುವವನು ಎಲ್ಲಿ ನೋಡುತ್ತಿದ್ದಾನೆ ಎಂಬ ಎರಡನ್ನೂ ಬಲ್ಲ ಮೂರನೆಯವರು ಒಬ್ಬರಿದ್ದರೆ ಮಾತ್ರ ಆಟ ಸುಸೂತ್ರವಾಗಿ ಸಾಗುತ್ತದೆ. ನಮ್ಮ ಹಳ್ಳಿಯ ಕಣ್ಣಾಮುಚ್ಚಾಲೆಯಲ್ಲಿ ಜಗುಲಿಯ ಮೇಲೆ ಕುಳಿತು ಕಳ್ಳನಾದ ಹುಡುಗನ ಕಣ್ಣನ್ನು ಅಂಗೈಯಿಂದ ಮುಚ್ಚುವ ಅಜ್ಜಿಯೇ ಆ ಮೂರನೆಯವರು. ಯಾರು ಕಣಜದ ಹಿಂದೆ ಹೋದರು, ಯಾರು ಹಿತ್ತಲಿಗೆ ಓಡಿದರು ಎಂಬುದೆಲ್ಲ ಅವರಿಗೆ ಗೊತ್ತು; ಯಾರಿಗೂ ಹೇಳುವುದಿಲ್ಲ.

ಈ ಅಜ್ಜಿಯ ಸ್ಥಾನವನ್ನು ಯುದ್ಧವಿದ್ಯೆಯಲ್ಲಿ ಮೊದಲು ಸ್ಪಷ್ಟವಾಗಿ ಏರ್ಪಡಿಸಿದವನು ಪ್ರಷ್ಯಾದ ಒಬ್ಬ ತರುಣ ಸೇನಾಧಿಕಾರಿ. ಅದಕ್ಕೆ ಮುಂಚೆ ಯುದ್ಧದ ಆಟವೆಂದರೆ ಚದುರಂಗ. ನಮ್ಮ ದೇಶದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹೋದ ಆಟ. ಚದುರಂಗದಲ್ಲಿ ಗುಟ್ಟೆಂಬುದು ಇಲ್ಲ. ಎದುರಾಳಿಯ ಆನೆ, ಕುದುರೆ, ಮಂತ್ರಿ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಮುಚ್ಚಿರುವುದು ಅವನ ಮನಸ್ಸೊಂದೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಚದುರಂಗವನ್ನೇ ಹಿಗ್ಗಿಸಿ, ಹೆಲ್ವಿಗ್ ಎಂಬವನು 1780ರಲ್ಲಿ ಒಂದು ಯುದ್ಧದಾಟವನ್ನು ರಚಿಸಿದ. ಬ್ರೆಸ್ಲೌ ನಗರದ ಫಾನ್ ರೈಸ್ವಿಟ್ಸ್ ಎಂಬಾತ ಮೇಜಿನ ಮೇಲೆ ಬೆಟ್ಟ, ಹೊಳೆ, ಊರುಗಳನ್ನು ಜೋಡಿಸಿ ಆಡುವ ಇನ್ನೊಂದನ್ನು ರಚಿಸಿ 1812ರಲ್ಲಿ ಅಲ್ಲಿನ ದೊರೆಗೆ ಒಪ್ಪಿಸಿದ. ಇವೆಲ್ಲ ನೋಡಲು ಸೊಗಸು. ಆದರೆ ನಿಜವಾದ ರಣರಂಗದಲ್ಲಿ ಸೇನಾಪತಿಯನ್ನು ಕಾಡುವ ಮೊದಲ ಪ್ರಶ್ನೆ ‘ವೈರಿಯನ್ನು ಹೇಗೆ ಹೊಡೆಯಲಿ?’ ಎಂಬುದಲ್ಲ, ‘ವೈರಿ ಎಲ್ಲಿದ್ದಾನೆ?’ ಎಂಬುದು. ಆ ಪ್ರಶ್ನೆಗೆ ಈ ಮೇಜುಗಳಲ್ಲಿ ಎಡೆಯಿರಲಿಲ್ಲ.

ಎಡೆ ಮಾಡಿಕೊಟ್ಟವನು ಅದೇ ರೈಸ್ವಿಟ್ಸನ ಮಗ, ಗೇಯೋರ್ಗ್ ಹೈನ್ರಿಕ್ ರುಡಾಲ್ಫ್. ಇವನು ಮೇಜನ್ನು ಬಿಟ್ಟು ನಕಾಶೆಯನ್ನು ಹಿಡಿದ. 1:8000 ಪ್ರಮಾಣದ ನಿಜವಾದ ನಾಡಿನ ನಕಾಶೆ. ಅದರ ಮೇಲೆ ಪಡೆಗಳನ್ನು ಸೂಚಿಸಲು ಕೆಂಪು ನೀಲಿ ಬಣ್ಣ ಬಳಿದ ಸಣ್ಣ ಲೋಹದ ತುಂಡುಗಳು. ಒಂದು ಸರದಿಯೆಂದರೆ ಯುದ್ಧಕಾಲದ ಎರಡು ನಿಮಿಷ. ಆದರೆ ಅವನ ಹೆಚ್ಚಳ ಇದಾವುದರಲ್ಲೂ ಇಲ್ಲ. ಆಟಗಾರರು ನಕಾಶೆಯ ಮೇಲೆ ಕೈಯಿಡುವಂತಿರಲಿಲ್ಲ! ತಮ್ಮ ಪಡೆಗಳಿಗೆ ಕೊಡಬೇಕಾದ ಆಜ್ಞೆಯನ್ನು ಕಾಗದದಲ್ಲಿ ಬರೆದು ಮಧ್ಯಸ್ಥನ ಕೈಗೆ ಕೊಡಬೇಕು. ಅವನು ಎರಡು ಕಡೆಯ ಆಜ್ಞೆಗಳನ್ನೂ ಓದಿ, ಪಡೆಗಳ ನಡೆಯನ್ನು ಲೆಕ್ಕ ಹಾಕಿ, ಎರಡು ಕಡೆಯವರಿಗೂ ಕಂಡಿರಬಹುದಾದ ಪಡೆಗಳನ್ನು ಮಾತ್ರ ನಕಾಶೆಯ ಮೇಲೆ ಇಡುತ್ತಿದ್ದ. ಗುಡ್ಡದ ಹಿಂದೆ ಬರುತ್ತಿರುವ ಕುದುರೆಪಡೆ ನಕಾಶೆಯ ಮೇಲೆ ಇಲ್ಲ. ಅದು ಇರುವುದು ಮಧ್ಯಸ್ಥನ ಮನಸ್ಸಿನಲ್ಲಿ. ಗುಡ್ಡದ ನೆತ್ತಿಗೆ ಅದು ಬಂದ ಗಳಿಗೆಯಲ್ಲಿ ತಟ್ಟನೆ ನಕಾಶೆಯ ಮೇಲೆ ಮೂಡುತ್ತಿತ್ತು. ಈ ಮಧ್ಯಸ್ಥನಿಗೆ ರೈಸ್ವಿಟ್ಸ್ ಇಟ್ಟ ಹೆಸರು ಸೊಗಸಾಗಿದೆ. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ‘ನಂಬುಗೆಯವನು’. ತೀರ್ಪು ಕೊಡುವವನು ಎಂದಲ್ಲ, ಗುಟ್ಟನ್ನು ಒಪ್ಪಿಸಬಹುದಾದವನು ಎಂದು.

1824ರಲ್ಲಿ ಪ್ರಷ್ಯಾದ ಸೇನಾ ಮುಖ್ಯಸ್ಥನಾಗಿದ್ದ ಮುಫ್ಲಿಂಗ್ ಈ ಆಟವನ್ನು ನೋಡಲು ಬಂದ. ಮೊದಮೊದಲು ಬಿಗುವಾಗಿಯೇ ಕುಳಿತಿದ್ದ ಆತ ಆಟ ಮುಂದುವರಿದಂತೆ ಮನಸೋತು, ಇದು ಆಟವಲ್ಲ, ಯುದ್ಧದ ಶಿಕ್ಷಣ ಎಂದು ಉದ್ಗರಿಸಿದನಂತೆ. ಸೇನೆಗೆಲ್ಲ ಅದನ್ನು ಶಿಫಾರಸು ಮಾಡಿದ.

ಇಲ್ಲಿಂದ ಮುಂದೆ ಒಂದು ವಿಚಿತ್ರವಾದ ಹಗ್ಗಜಗ್ಗಾಟ ಮೊದಲಾಯಿತು. ಮಧ್ಯಸ್ಥನಾದವನು ಪಕ್ಷಪಾತಿಯಾದರೆ? ಅನುಭವವಿಲ್ಲದವನಾದರೆ? ಆದ್ದರಿಂದ ನಿಯಮಗಳನ್ನು ಬರೆದಿಡಬೇಕು ಎಂದರು ಕೆಲವರು. ಬರೆದರು. ಬರೆದಂತೆಲ್ಲ ಕೋಷ್ಟಕಗಳು ಬೆಳೆದವು, ಲೆಕ್ಕಗಳು ಬೆಳೆದವು. ಎರಡು ನಿಮಿಷದ ಯುದ್ಧವನ್ನು ತೀರ್ಮಾನಿಸಲು ಎಷ್ಟೋ ಹೊತ್ತು ಹಿಡಿಯತೊಡಗಿತು. ಬೇಸತ್ತ ಅಧಿಕಾರಿಗಳಲ್ಲಿ ಯೂಲಿಯುಸ್ ಫಾನ್ ವೆರ್ಡಿ ಡು ವೆರ್ನ್ವಾ ಎಂಬಾತನೊಬ್ಬ. 1870ರ ಫ್ರೆಂಚ್ ಯುದ್ಧದಲ್ಲಿ ಮೋಲ್ಟ್‌ಕೆಯ ಬಳಿ ಕೆಲಸ ಮಾಡಿ ನಿಜವಾದ ಯುದ್ಧವನ್ನು ಕಂಡವನು. 1876ರಲ್ಲಿ ಅವನು ಒಂದು ಚಿಕ್ಕ ಪುಸ್ತಕ ಬರೆದು, ಕೋಷ್ಟಕವೂ ಬೇಡ, ದಾಳವೂ ಬೇಡ, ಯುದ್ಧವನ್ನು ಬಲ್ಲ ಮಧ್ಯಸ್ಥನ ವಿವೇಕವೇ ಸಾಕು ಎಂದು ವಾದಿಸಿದ. ಹೀಗೆ ಬಿಗಿಯಾದ ಆಟ, ಬಿಡಿಯಾದ ಆಟ ಎಂದು ಎರಡು ಪಂಥಗಳಾದವು. ಬರೆದ ನಿಯಮವನ್ನು ನಂಬುವುದೋ, ಬಲ್ಲವನ ಮಾತನ್ನು ನಂಬುವುದೋ? ನಮ್ಮ ನಡುಮನೆಯ ಚಾಪೆಯ ಮೇಲೆ ನಡೆದದ್ದು ಇದೇ ಜಗಳ. ವಯಸ್ಸು ಮಾತ್ರ ನೂರೈವತ್ತು ವರ್ಷ.

ಈ ನಡುವೆ ಇಂಗ್ಲೆಂಡಿನ ಹೆನ್ರಿ ಮೈಕೇಲ್ ಟೆಂಪಲ್ ಎಂಬಾತ 1899ರಲ್ಲಿ ಚದುರಂಗಕ್ಕೇ ಗುಟ್ಟನ್ನು ತಂದ. ಇಬ್ಬರು ಆಟಗಾರರಿಗೆ ಎರಡು ಮಣೆ, ಮಧ್ಯಸ್ಥನಿಗೆ ಮೂರನೆಯದು. ಒಬ್ಬೊಬ್ಬರ ಮಣೆಯ ಮೇಲೂ ತಮ್ಮ ಕಾಯಿಗಳು ಮಾತ್ರ. ಎರಡೂ ಸೇನೆ ಇರುವುದು ಮಧ್ಯಸ್ಥನ ಮಣೆಯಲ್ಲಿ. ನಡೆಯಲಾಗದ ನಡೆಯನ್ನು ನಡೆದರೆ ಅವನು ‘ಇಲ್ಲ’ ಎನ್ನುತ್ತಾನೆ, ಅಷ್ಟೆ. ಆದರೆ ಆ ‘ಇಲ್ಲ’ದಿಂದಲೇ ಆ ದಾರಿಯಲ್ಲಿ ಯಾವುದೋ ಕಾಯಿ ಅಡ್ಡ ನಿಂತಿದೆಯೆಂದು ಚತುರನಾದವನು ಊಹಿಸುತ್ತಾನೆ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಬರೆದ ‘ಲಿಟಲ್ ವಾರ್ಸ್’ ಎಂಬ ಪುಸ್ತಕದ ಆಟದಲ್ಲಿ ತವರದ ಸಿಪಾಯಿಗಳನ್ನು ನಿಲ್ಲಿಸುವಾಗ ನಡುವೆ ಒಂದು ಪರದೆ ಕಟ್ಟುವ ಏರ್ಪಾಡು ಉಂಟು. ಪರದೆ ತೆಗೆದ ಮೇಲೆ ಎಲ್ಲವೂ ಬಯಲು.

ಅಡಗುವ ಆಟದ ಅತ್ಯಂತ ಗಂಭೀರವಾದ ಅಧ್ಯಾಯ ನಡೆದದ್ದು ಎರಡನೆಯ ಮಹಾಯುದ್ಧದಲ್ಲಿ, ಲಿವರ್‌ಪೂಲ್ ನಗರದ ಒಂದು ಕಟ್ಟಡದಲ್ಲಿ. ಅಟ್ಲಾಂಟಿಕ್ ಸಾಗರದಲ್ಲಿ ಇಂಗ್ಲೆಂಡಿಗೆ ಆಹಾರ, ಎಣ್ಣೆ ತರುವ ಹಡಗುಗಳನ್ನು ಜರ್ಮನ್ ಸಬ್‌ಮರೀನುಗಳು ಒಂದೊಂದಾಗಿ ಮುಳುಗಿಸುತ್ತಿದ್ದವು. ಕ್ಷಯರೋಗದಿಂದಾಗಿ ನೌಕಾಪಡೆಯಿಂದ ಹಿಂದೆಯೇ ನಿವೃತ್ತನಾಗಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯನ್ನು 1942ರ ಜನವರಿಯಲ್ಲಿ ಕರೆಸಿ, ಇದಕ್ಕೆ ಉಪಾಯ ಕಂಡುಹಿಡಿಯಬೇಕೆಂದು ಒಪ್ಪಿಸಿದರು. ಅವನ ಸಹಾಯಕರು ನೌಕಾಪಡೆಯ ಮಹಿಳಾ ವಿಭಾಗದ ತರುಣಿಯರು. ಕೆಲವರು ಇನ್ನೂ ಇಪ್ಪತ್ತು ದಾಟದವರು. ಒಂದು ದೊಡ್ಡ ಕೋಣೆಯ ನೆಲವೇ ಅವರಿಗೆ ಸಾಗರವಾಯಿತು. ಅದರ ಮೇಲೆ ಚೌಕಗಳನ್ನು ಗುರುತಿಸಿ, ಪುಟ್ಟ ಹಡಗಿನ ಮಾದರಿಗಳನ್ನು ಇಟ್ಟು, ಅವು ಸಾಗಿದ ದಾರಿಯನ್ನು ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಹಡಗಿನ ಕಪ್ತಾನರು ಸುತ್ತಲೂ ಕಟ್ಟಿದ ಕ್ಯಾನ್ವಾಸ್ ಪರದೆಯ ಹಿಂದೆ ಕುಳಿತು, ಅದರ ಕಿಂಡಿಯಿಂದ ಮಾತ್ರ ನೋಡಬೇಕು. ಕತ್ತಲ ರಾತ್ರಿಯಲ್ಲಿ ಹಡಗಿನ ಮೇಲೆ ನಿಂತವನಿಗೆ ಎಷ್ಟು ಕಂಡೀತೋ ಅಷ್ಟೇ ಅವರಿಗೆ ಕಾಣಬೇಕು. ಸಬ್‌ಮರೀನಿನ ದಾರಿಯನ್ನು ಹಸುರು ಸುಣ್ಣದಿಂದ ಬರೆಯುತ್ತಿದ್ದರು. ಕಿಂಡಿಯಲ್ಲಿ ನೋಡುವವರಿಗೆ ಆ ಬಣ್ಣ ತೋರುತ್ತಿರಲಿಲ್ಲ. ನೆಲದ ಮೇಲೆ ಬಾಗಿ ಬರೆಯುವ ಹುಡುಗಿಗೆ ಎಲ್ಲವೂ ಗೊತ್ತು.

ಈ ನೆಲದ ಮೇಲೆಯೇ ರಾಬರ್ಟ್ಸನೂ ಅವನ ಸಂಗಡಿಗರೂ ಒಂದು ಮುಖ್ಯ ಸಂಗತಿಯನ್ನು ಕಂಡುಕೊಂಡರು. ಸಬ್‌ಮರೀನು ದೂರದಲ್ಲಿ ಅವಿತುಕೊಂಡು ಹೊಡೆಯುತ್ತಿಲ್ಲ. ಅದು ರಾತ್ರಿ ನೀರಿನ ಮೇಲೆದ್ದು, ಹಿಂದುಗಡೆಯಿಂದ ಬಂದು, ಹಡಗುಗಳ ಸಾಲಿನ ಒಳಕ್ಕೇ ನುಗ್ಗಿ ಹೊಡೆಯುತ್ತಿದೆ. ಕಾವಲಿನ ಹಡಗುಗಳು ಹೊರಕ್ಕೆ ಕಣ್ಣಿಟ್ಟಿದ್ದರೆ ಕಳ್ಳ ಮನೆಯೊಳಗೇ ಇದ್ದ! ಇದಕ್ಕೆ ರಚಿಸಿದ ಪ್ರತಿತಂತ್ರಕ್ಕೆ ‘ರಾಸ್‌ಬೆರಿ’ ಎಂದು ಹೆಸರಿಟ್ಟರು. ಯುದ್ಧ ಮುಗಿಯುವುದರೊಳಗೆ ಸುಮಾರು 5,000 ಮಂದಿ ಅಧಿಕಾರಿಗಳು ಆ ಕೋಣೆಯಲ್ಲಿ ಪಾಠ ಕಲಿತು ಕಡಲಿಗೆ ಹೋದರು. ತಾನೇ ಸಬ್‌ಮರೀನು ನಡೆಸಿ ಹೆಸರಾಗಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಆ ನೆಲದ ಮೇಲೆ ಸಬ್‌ಮರೀನಿನ ಪಕ್ಷ ವಹಿಸಿ, ಜಾನೆಟ್ ಓಕೆಲ್ ಎಂಬ ತರುಣಿಯ ಕೈಯಲ್ಲಿ ಐದು ಬಾರಿ ಮುಳುಗಿಹೋದನೆಂದು ಹೇಳುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಒಂದು. ‘ಸಬ್‌ಮರೀನು ಅಡಗಿದೆಯೇ?’ ಎಂದು ಆ ಕೋಣೆಯಲ್ಲಿ ಯಾರೂ ವಾದಿಸಲಿಲ್ಲ. ಕಿಂಡಿಯಲ್ಲಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಕಣ್ಣನ್ನು ನಿಜವಾಗಿಯೂ ಮುಚ್ಚಿದ್ದರು.

ಇನ್ನು ಅಮೆರಿಕಕ್ಕೆ ಬರೋಣ. ಅಲ್ಲಿನ ಮಿನೆಸೋಟ ರಾಜ್ಯದ ಡೇವಿಡ್ ವೆಸ್ಲಿ ಎಂಬ ತರುಣ, ಟಾಟನ್ ಎಂಬ ಅಮೆರಿಕನ್ ಸೇನಾಧಿಕಾರಿ 1880ರಲ್ಲಿ ಬರೆದಿದ್ದ ‘ಸ್ಟ್ರಾಟೆಗೋಸ್’ ಎಂಬ ಯುದ್ಧದಾಟದ ಗ್ರಂಥವನ್ನು ಓದಿದ. ಪ್ರಷ್ಯಾದ ಮಧ್ಯಸ್ಥ ಈ ಪುಸ್ತಕದ ಮೂಲಕ ಸಾಗರ ದಾಟಿದ್ದ. 1969ರಲ್ಲಿ ವೆಸ್ಲಿ ‘ಬ್ರೌನ್‌ಸ್ಟೈನ್’ ಎಂಬ ಕಲ್ಪಿತ ಊರನ್ನು ಇಟ್ಟುಕೊಂಡು ಒಂದು ಆಟ ನಡೆಸಿದ. ಪಡೆಗಳಿಗೆ ಬದಲಾಗಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪಾತ್ರ. ಅವನ ಬಯಕೆ ಅವನಿಗೆ, ಗುಟ್ಟು ಮಧ್ಯಸ್ಥನಿಗೆ. ಅದರಲ್ಲಿ ಆಡಿದ್ದ ಡೇವ್ ಆರ್ನೆಸನ್ ಇದನ್ನು ರಾಕ್ಷಸರೂ ಮಾಂತ್ರಿಕರೂ ಇರುವ ಕೋಟೆಯ ನೆಲಮಾಳಿಗೆಗೆ ಒಯ್ದ. ವಿಸ್ಕಾನ್ಸಿನ್ ರಾಜ್ಯದ ಗ್ಯಾರಿ ಗೈಗ್ಯಾಕ್ಸ್ ಅವನೊಡನೆ ಸೇರಿದ. 1974ರಲ್ಲಿ ಮೂರು ಪುಟ್ಟ ಹೊತ್ತಗೆಗಳ ಪೆಟ್ಟಿಗೆಯಾಗಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಿದ್ದಿತು. ಮೊದಲ ಮುದ್ರಣ 1,000 ಪ್ರತಿ. ನೆಲಮಾಳಿಗೆಯ ನಕಾಶೆ ಮಧ್ಯಸ್ಥನ ಬಳಿ ಮಾತ್ರ. ಆಟಗಾರರು ಅವನ ವರ್ಣನೆಯನ್ನು ಕೇಳುತ್ತ ತಮ್ಮ ನಕಾಶೆಯನ್ನು ತಾವೇ ಬರೆದುಕೊಳ್ಳಬೇಕು. ರೈಸ್ವಿಟ್ಸನ ‘ನಂಬುಗೆಯವನು’ ಹೀಗೆ ಮತ್ತೆ ಬಂದು ಕುಳಿತ.

ಆ ಮೊದಲ ಪುಸ್ತಕಗಳಲ್ಲಿ ಕಳ್ಳನ ಪಾತ್ರವಿರಲಿಲ್ಲ. ಯೋಧ, ಮಾಂತ್ರಿಕ, ಪುರೋಹಿತ ಮೂವರೇ. ಅಡಗಬೇಕಾದವನು ‘ಆ ಪೀಪಾಯಿಯ ಹಿಂದೆ ಕೂರುತ್ತೇನೆ, ದೀಪ ಆರಿಸುತ್ತೇನೆ’ ಎಂದು ಹೇಳುತ್ತಿದ್ದ. ಮಧ್ಯಸ್ಥ ತೂಗಿ ನೋಡಿ ಹೇಳುತ್ತಿದ್ದ. 1975ರ ‘ಗ್ರೇಹಾಕ್’ ಎಂಬ ಪುರವಣಿ ಪುಸ್ತಕದಲ್ಲಿ ಕಳ್ಳ ಪ್ರವೇಶ ಮಾಡಿದ. ಅವನೊಡನೆ ಒಂದು ಕೋಷ್ಟಕವೂ ಬಂದಿತು. ಬೀಗ ತೆಗೆಯುವುದು ನೂರಕ್ಕೆ ಇಷ್ಟು, ಸದ್ದಿಲ್ಲದೆ ನಡೆಯುವುದು ಇಷ್ಟು, ನೆರಳಿನಲ್ಲಿ ಅಡಗುವುದು ಇಷ್ಟು. ಹೊಸಬನಾದ ಕಳ್ಳನಿಗೆ ನೆರಳಿನಲ್ಲಿ ಅಡಗುವ ಸಾಧ್ಯತೆ ನೂರಕ್ಕೆ ಹತ್ತು! ಕಳ್ಳನಿಗೆ ಅನುಕೂಲವಾಗಲೆಂದು ಮಾಡಿದ ಈ ಲೆಕ್ಕ ಎರಡು ತೊಡಕುಗಳನ್ನು ತಂದಿತು. ಒಂದು, ಅಡಗುವುದು ಕಳ್ಳನ ಕಸುಬೆಂದು ಬರೆದ ಮೇಲೆ ಉಳಿದವರು ಪೀಪಾಯಿಯ ಹಿಂದೆ ಕೂರಬಹುದೇ? ಎರಡು, ಕಳ್ಳನು ಹತ್ತರಲ್ಲಿ ಒಂಬತ್ತು ಸಲ ಸೋಲುವುದಾದರೆ, ಸುಮ್ಮನೆ ಪೀಪಾಯಿಯ ಹಿಂದೆ ಕುಳಿತ ಯೋಧನೇ ಮೇಲಲ್ಲವೇ? ಅದಕ್ಕಿಂತ ಹೆಚ್ಚಿನ ಬದಲಾವಣೆ ಇನ್ನೊಂದು. ಎರಡು ಕಣ್ಣುಗಳ ನಡುವಣ ಸಂಬಂಧವಾಗಿದ್ದ ಅಡಗಿರುವಿಕೆ ಕಳ್ಳನ ಜೇಬಿನಲ್ಲಿರುವ ಅಂಕಿಯಾಯಿತು. ಎದುರಿಗೆ ಕುರುಡನಿರಲಿ, ನೂರು ಕಣ್ಣಿನವನಿರಲಿ, ಹತ್ತಕ್ಕೆ ಹತ್ತೇ.

ಗೈಗ್ಯಾಕ್ಸನಿಗೆ ಈ ಅಪಾಯ ತಿಳಿಯದೆ ಇರಲಿಲ್ಲವೆಂದು ತೋರುತ್ತದೆ. 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಗ್ರಂಥದಲ್ಲಿ, ಒಬ್ಬನು ನೋಡುತ್ತಿರುವಾಗ ಅವನೆದುರಿಗೆ ಅಡಗುವುದು ಆಗದೆಂದು ಸ್ಪಷ್ಟಪಡಿಸಿದ. 1981ರ ಒಂದು ಆವೃತ್ತಿಯಲ್ಲಿ ಕಳ್ಳನ ದಾಳವನ್ನು ಸೂತ್ರಧಾರನೇ ಉರುಳಿಸಬೇಕು, ಕಳ್ಳನು ಯಾವಾಗಲೂ ತಾನು ಅಡಗಿದೆನೆಂದೇ ತಿಳಿದಿರುತ್ತಾನೆ ಎಂದಿತು. ಇದು ಬಹಳ ವಿವೇಕದ ಮಾತು. ಬಾಗಿಲ ಸಂದಿಯಲ್ಲಿ ನಿಂತ ಮಗು ತನ್ನನ್ನು ಯಾರೂ ಕಾಣರೆಂದು ನಂಬುತ್ತದೆ. ಅದರ ಲಂಗದ ಚುಂಗು ಹೊರಗೆ ಇಣುಕುತ್ತಿರುತ್ತದೆ. ತಾನು ಅಡಗಿದ್ದೇನೆಯೇ ಎಂಬುದು ಅಡಗಿದವನಿಗೆ ತಿಳಿಯುವ ಸಂಗತಿಯೇ ಅಲ್ಲ.

ಮುಂದಿನ ಆವೃತ್ತಿಗಳ ಕಥೆಯನ್ನು ಚುಟುಕಾಗಿ ಹೇಳಬಹುದು. 2000ದಲ್ಲಿ ಕಣ್ಣಿಗೆ ಅದರ ಸ್ಥಾನವನ್ನು ಹಿಂತಿರುಗಿ ಕೊಟ್ಟರು: ಅಡಗುವವನ ದಾಳಕ್ಕೆ ಎದುರಾಗಿ ನೋಡುವವನ ದಾಳ, ಸದ್ದಡಗಿಸಿ ನಡೆಯುವವನಿಗೆ ಎದುರಾಗಿ ಕಿವಿಗೊಟ್ಟವನ ದಾಳ. 2008ರಲ್ಲಿ ಕಣ್ಣು ಕಿವಿ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರು. ಪುಸ್ತಕ ಹೊರಟ ಸ್ವಲ್ಪ ಕಾಲದಲ್ಲೇ ಅಡಗುವ ನಿಯಮಕ್ಕೆ ತಿದ್ದೋಲೆ ಹೊರಡಿಸಬೇಕಾಯಿತು. 2014ರ ಆವೃತ್ತಿ, ನಿನ್ನನ್ನು ನೋಡಬಲ್ಲವನಿಂದ ನೀನು ಅಡಗಲಾರೆ ಎಂದಿತು. ಮಬ್ಬುಗತ್ತಲಿನಲ್ಲಿ ಅರೆಬರೆ ಕಂಡರೆ? ‘ಸ್ಪಷ್ಟವಾಗಿ’ ನೋಡಬಲ್ಲವನು ಎಂದು ಆಮೇಲೆ ತಿದ್ದಿದರು. ಸಂದರ್ಭ ತಕ್ಕುದೇ ಎಂಬುದನ್ನು ಸೂತ್ರಧಾರನೇ ನಿರ್ಣಯಿಸತಕ್ಕದ್ದೆಂದೂ ಸೇರಿಸಿದರು. 2019ರಲ್ಲಿ ‘ಪಾತ್‌ಫೈಂಡರ್’ ಎಂಬ ಸೋದರ ಆಟದ ಎರಡನೆಯ ಆವೃತ್ತಿ ಒಬ್ಬ ವೈಯಾಕರಣಿಗೆ ತಕ್ಕ ಶ್ರದ್ಧೆಯಿಂದ ನಾಲ್ಕು ಸ್ಥಿತಿಗಳನ್ನು ಬೇರ್ಪಡಿಸಿತು: ಕಣ್ಣಿಗೆ ಕಂಡವನು, ಇರುವ ಜಾಗ ಗೊತ್ತಿದ್ದೂ ಕಾಣದವನು, ಎಲ್ಲಿದ್ದಾನೆಂಬುದೇ ತಿಳಿಯದವನು, ಇದ್ದಾನೆಂಬುದೇ ತಿಳಿಯದವನು. ಈ ಕೊನೆಯ ಎರಡಕ್ಕೆ ಇರುವ ಅಂತರವನ್ನು ಬಲ್ಲವನು ಯಾವ ಸೇನೆಯಲ್ಲಾದರೂ ಗೂಢಚಾರನಾಗಬಹುದು.

ನಮ್ಮ ಹುಡುಗರ ಕೈಯಲ್ಲಿದ್ದದ್ದು 2024ರ ಪರಿಷ್ಕೃತ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಇದರಲ್ಲಿ ಜಗಳಗಳಿಗೆಲ್ಲ ಕೊನೆ ಹಾಡುವ ಉದ್ದೇಶದಿಂದಲೋ ಏನೋ, ನಿಯಮವನ್ನು ಲೆಕ್ಕದಂತೆ ಬರೆದಿದ್ದಾರೆ. ತಕ್ಕ ಮರೆಯಲ್ಲಿ, ವೈರಿಯ ದೃಷ್ಟಿಯಿಂದ ಹೊರಗೆ ಇರಬೇಕು. ದಾಳದ ಮೊತ್ತ 15 ಮುಟ್ಟಬೇಕು. ಮುಟ್ಟಿದರೆ ‘ಅದೃಶ್ಯ’ ಎಂಬ ಸ್ಥಿತಿ ದೊರೆಯುತ್ತದೆ. ಪಿಸುಮಾತಿಗಿಂತ ಗಟ್ಟಿಯಾದ ಸದ್ದು ಮಾಡಿದರೆ, ಆಯುಧ ಬೀಸಿದರೆ, ಮಂತ್ರ ಉಚ್ಚರಿಸಿದರೆ, ವೈರಿ ಕಂಡುಹಿಡಿದರೆ ಅದು ಕಳೆಯುತ್ತದೆ. ಮರೆಯಿಂದ ಹೊರಗೆ ಬಂದರೆ ಕಳೆಯುತ್ತದೆಂದು ಈ ಪಟ್ಟಿಯಲ್ಲಿ ಇಲ್ಲ. ಬಯಲಿಗೆ ಬಂದು ಹತ್ತಿರ ಸುಳಿದವನನ್ನು ಎಚ್ಚರದಲ್ಲಿರುವ ವೈರಿ ಸಾಮಾನ್ಯವಾಗಿ ಕಾಣುತ್ತಾನೆಂದು 2014ರ ಪುಸ್ತಕದಲ್ಲಿದ್ದ ಮಾತು ಇಲ್ಲಿ ಬಿಟ್ಟುಹೋಗಿದೆ. ನಮ್ಮ ಹುಡುಗನ ವಾದ ನಿಂತಿದ್ದುದು ಈ ಬಿಟ್ಟ ಸ್ಥಳದಲ್ಲಿ. ‘ಕಣ್ಣೆದುರಿಗೆ ಬಂದರೆ ಕಂಡುಹಿಡಿದಂತಲ್ಲವೇ?’ ಎಂದರೆ ‘ಅದೃಶ್ಯನಾದವನನ್ನು ಕಾಣುವುದು ಹೇಗೆ?’ ಎನ್ನುತ್ತಾನೆ. ಬಂಡಿಯ ಮರೆಗೆ ಸಿಕ್ಕ ಅಂಕ ಮಾಯಾವಿಯ ಅಂಜನವಾಗಿಬಿಟ್ಟಿತು!

ಐವತ್ತು ವರ್ಷ ಬುದ್ಧಿವಂತರು ತಿದ್ದಿ ತಿದ್ದಿ ಬರೆದರೂ ಈ ಒಂದು ನಿಯಮ ನೆಟ್ಟಗೆ ನಿಲ್ಲಲಿಲ್ಲವೇಕೆ? ನನಗೆ ತೋರುವ ಕಾರಣ ಇದು. ಕತ್ತಿಯ ಏಟಿಗೆ ನಿಯಮ ಬರೆಯಬಹುದು. ಏಟು ಬಿದ್ದುದು ಇಬ್ಬರಿಗೂ ಗೊತ್ತು. ಅಡಗುವುದಕ್ಕೆ ಬರೆದ ನಿಯಮವನ್ನಾದರೋ ಚಾಪೆಯ ಮೇಲಿರುವ ಐವರೂ ಓದುತ್ತಾರೆ, ದಾಳವನ್ನು ಐವರೂ ನೋಡುತ್ತಾರೆ. ಕಳ್ಳ ಎಲ್ಲಿದ್ದಾನೆಂದು ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲವೆಂದು ಎಲ್ಲರೂ ನಟಿಸಬೇಕು. ರೈಸ್ವಿಟ್ಸನ ಕೋಣೆಯಲ್ಲೂ ಲಿವರ್‌ಪೂಲಿನ ನೆಲದ ಮೇಲೂ ಕಣ್ಣು ನಿಜವಾಗಿ ಮುಚ್ಚಿತ್ತು. ಗುಟ್ಟು ಒಬ್ಬರ ವಶದಲ್ಲಿತ್ತು. ಇಲ್ಲಿ ಮುಚ್ಚಿದ ಅಂಗೈಯ ಬದಲು ಒಂದು ವಾಕ್ಯವನ್ನು ಇಟ್ಟಿದ್ದಾರೆ. ವಾಕ್ಯಕ್ಕೆ ಕಣ್ಣು ಮುಚ್ಚಲು ಬರುವುದಿಲ್ಲ. ನನ್ನ ತಾಯಿ ಕೇಳಿದ್ದು ಅದನ್ನೇ.

ಅಡಗುವ ನಿಯಮದ ವ್ಯಾಜ್ಯಕ್ಕೆ ನಮ್ಮಲ್ಲಿಯೂ ಒಂದು ಹಳೆಯ ನಿದರ್ಶನವಿದೆ. ಪಾಂಡವರ ಅಜ್ಞಾತವಾಸವನ್ನು ಕುಮಾರವ್ಯಾಸನಲ್ಲಿ ಓದಿದವರು, ಯಕ್ಷಗಾನದಲ್ಲಿ ಕಂಡವರು ಕೀಚಕನನ್ನು ನೆನೆಯುತ್ತಾರೆ, ಬೃಹನ್ನಳೆಯನ್ನು ನೆನೆಯುತ್ತಾರೆ. ಅದರ ಕೊನೆಯಲ್ಲಿ ಒಂದು ಕಾನೂನಿನ ಪ್ರಶ್ನೆ ಇದೆಯೆಂಬುದನ್ನು ಮರೆಯುತ್ತಾರೆ. ಹನ್ನೆರಡು ವರ್ಷ ವನವಾಸ, ಹದಿಮೂರನೆಯದು ಅಜ್ಞಾತ. ಆ ವರ್ಷದೊಳಗೆ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಗೋಗ್ರಹಣದ ದಿನ ಅರ್ಜುನ ಬಯಲಿಗೆ ಬಂದು ನಿಂತಾಗ ದುರ್ಯೋಧನ, ಅವಧಿ ಮುಗಿದಿಲ್ಲ, ಇವರು ಸಿಕ್ಕಿಬಿದ್ದರು ಎಂದ. ಭೀಷ್ಮ ಲೆಕ್ಕ ಹಾಕಿ, ಐದು ವರ್ಷಕ್ಕೆ ಎರಡರಂತೆ ಅಧಿಕ ಮಾಸಗಳನ್ನು ಹಿಡಿದರೆ ಹದಿಮೂರು ವರ್ಷಕ್ಕೆ ಐದು ತಿಂಗಳೂ ಹನ್ನೆರಡು ದಿನವೂ ಹೆಚ್ಚಾಗುತ್ತವೆ, ಅವರು ಮಾತನ್ನು ನಡೆಸಿದ್ದಾರೆ ಎಂದು ತೀರ್ಪಿತ್ತ. ಭೀಷ್ಮ ನಿಂತಿದ್ದುದು ಕೌರವರ ಪಕ್ಷದಲ್ಲಿ. ತೀರ್ಪು ಕೊಟ್ಟದ್ದು ಅವರಿಗೆ ವಿರುದ್ಧವಾಗಿ. ಇದಕ್ಕಿಂತ ನಂಬುಗೆಯ ಮಧ್ಯಸ್ಥ ಎಲ್ಲಿ ದೊರೆತಾನು? ದುರ್ಯೋಧನ ಲೆಕ್ಕವನ್ನು ತಪ್ಪೆಂದು ತೋರಿಸಲಿಲ್ಲ. ರಾಜ್ಯ ಕೊಡುವುದಿಲ್ಲ ಎಂದುಬಿಟ್ಟ. ಮಧ್ಯಸ್ಥನ ಮಾತು ನಡೆಯದ ಮೇಲೆ ಆಟ ಉಳಿಯಲಿಲ್ಲ. ಮುಂದೆ ಉಳಿದದ್ದು ಕುರುಕ್ಷೇತ್ರ.

ಮುಂದಿನ ಭಾನುವಾರ ಹುಡುಗರು ಬಂದರು. ನಾನು ಇಷ್ಟೆಲ್ಲ ಹೇಳಿದರೆ ಎದ್ದು ಓಡುತ್ತಾರೆಂದು ತಿಳಿದು, ಪುಸ್ತಕದಲ್ಲಿ ಒಂದು ಸಾಲನ್ನು ತೋರಿಸಿದೆ. ಅಡಗಲು ಸಂದರ್ಭ ತಕ್ಕುದೇ ಎಂಬುದನ್ನು ಸೂತ್ರಧಾರನೇ ನಿರ್ಣಯಿಸತಕ್ಕದ್ದೆಂಬ ಆ ಮಾತು 2024ರ ಪುಸ್ತಕದಲ್ಲಿಯೂ ಇದೆ. ಆ ಗಲಾಟೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ‘ಹಾಗಾದರೆ ಅವನು ಹೇಳಿದ್ದೇ ಸರಿಯೇ ಮಾವ?’ ಎಂದ ನಮ್ಮವನು ಮುಖ ಸಣ್ಣದು ಮಾಡಿ. ‘ಹೇಳುವ ಅಧಿಕಾರ ಅವನದು. ಸರಿಯಾಗಿ ಹೇಳುವ ಭಾರವೂ ಅವನದೇ’ ಎಂದೆ. ‘ನೀನು ಅಡಗಿದ್ದೀಯಾ ಎಂದು ಕೇಳಬೇಡ. ಕಾವಲುಗಾರ ಆಗ ಎತ್ತ ನೋಡುತ್ತಿದ್ದ ಎಂದು ಕೇಳು.’

ಸೂತ್ರಧಾರ ಹುಡುಗ ಇದನ್ನು ಯೋಚಿಸಿಯೇ ಇರಲಿಲ್ಲ. ಕೊಂಚ ಹೊತ್ತು ಪೆನ್ಸಿಲನ್ನು ಕಚ್ಚುತ್ತ ಕುಳಿತ. ಆಮೇಲೆ, ‘ಹೆಬ್ಬಾಗಿಲ ಹತ್ತಿರ ಕುದುರೆಯೊಂದು ಬೆದರಿದೆ, ಅವನ ಕತ್ತು ಆ ಕಡೆ ತಿರುಗಿದೆ; ಆದರೆ ಜಾಸ್ತಿ ಹೊತ್ತು ತಿರುಗಿರುವುದಿಲ್ಲ’ ಎಂದ. ನಮ್ಮವನು ಮುಂದಕ್ಕೆ ಬಾಗಿದ. ಮೂಲೆಯಲ್ಲಿ ನನ್ನ ತಾಯಿ ಮೊರವನ್ನು ಕೆಳಗಿಟ್ಟು, ಬೀಗದ ಕೈ ಸಿಕ್ಕಿತೇ ಎಂದು ನೋಡಲು ಕನ್ನಡಕ ಸರಿಪಡಿಸಿಕೊಂಡರು.